ಎ. ಕೆ. ರಾಮಾನುಜನ್: ಬೆಳಗಾವಿಯಿಂದ ಬ್ಲೂಮಿಂಗ್ಟನ್ನಿಗೆ

ಪರದೇಶಕ್ಕೆ ಹೋಗಿ ಉಚ್ಚ ವ್ಯಾಸಂಗ ಮಾಡಬೇಕೆಂಬ ಹಂಬಲ ಯಾವ ವಿದ್ಯಾರ್ಥಿಗಿಲ್ಲ? ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನಮ್ಮಂಥವರಿಗೆ ಸುಲಭವಾಗಿ ಬರುವುದಿಲ್ಲ. ಜೈನಾಪುರ, ತಿಕೋಟಾ, ಬಬಲೇಶ್ವರಗಳ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ವಿಜಯಪುರಕ್ಕೆ ಬರುವ ಕಲಾ ವಿಭಾಗದ ಹುಡುಗನೊಬ್ಬ ಇಂಥ ಮಾತನ್ನು ಆಡಿದರೆ ಗೆಳೆಯರು ನಕ್ಕುಬಿಡುತ್ತಾರೆ. ಪರದೇಶವೆಂಬುದು ಎಂಜಿನಿಯರರಿಗೂ ವೈದ್ಯರಿಗೂ ಮೀಸಲಾದದ್ದೆಂದೂ, ಕನ್ನಡ, ಇತಿಹಾಸ ಓದುವವರಿಗೆ ಅಲ್ಲಿ ಏನು ಕೆಲಸವೆಂದೂ ಕೇಳುತ್ತಾರೆ. ಜೈನಾಪುರದವನಾದ ನಾನೂ ಈ ನಗೆಯ ರುಚಿ ಕಂಡವನೇ. ಕಳೆದ ವರ್ಷ ಪರದೇಶದ ಒಂದು ವಿಶ್ವವಿದ್ಯಾಲಯದ ಅರ್ಜಿಯ ನಮೂನೆಯನ್ನು ಕುತೂಹಲದಿಂದ ತೆರೆದು ನೋಡಿದೆ. ಹೆಸರು, ಊರು, ಅಂಕಗಳ ಕಾಲಂಗಳನ್ನು ದಾಟಿ, ನೀನು ಇದುವರೆಗೆ ಸ್ವಂತವಾಗಿ ಮಾಡಿದ ಕೆಲಸವೇನು ಎಂದು ಕೇಳುವ ಕಾಲಮ್ಮಿಗೆ ಬಂದಾಗ ಕೈ ನಿಂತುಹೋಯಿತು. ಬರೆಯಲು ನನ್ನಲ್ಲಿ ಏನೂ ಇರಲಿಲ್ಲ.

ಆ ಕಾಲಮ್ಮನ್ನು ನಮ್ಮ ಪಕ್ಕದ ಬೆಳಗಾವಿಯಲ್ಲಿಯೇ ಕುಳಿತು ತುಂಬಿಸಿಕೊಂಡ ಒಬ್ಬ ಅಧ್ಯಾಪಕರ ಜೀವನವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅವರೇ ಎ. ಕೆ. ರಾಮಾನುಜನ್. ಪರದೇಶಕ್ಕೆ ಹೋದ ರಾಮಾನುಜನ್ ಎಂದೊಡನೆ ಹಲವರಿಗೆ 1914ರಲ್ಲಿ ಕೇಂಬ್ರಿಜ್ಜಿಗೆ ಹೋದ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ನೆನಪಾಗುತ್ತಾರೆ. ನಾನು ಹೇಳಹೊರಟಿರುವುದು ಕವಿ, ಅನುವಾದಕ, ಜಾನಪದ ವಿದ್ವಾಂಸ ರಾಮಾನುಜನ್ ಅವರನ್ನು ಕುರಿತು.

ಅತ್ತಿಪಟ್ ಕೃಷ್ಣಸ್ವಾಮಿ ರಾಮಾನುಜನ್ ಅವರು 1929ನೆಯ ಮಾರ್ಚ್ 16ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಗಣಿತದ ಪ್ರಾಧ್ಯಾಪಕರು; ಖಗೋಳ ವಿಜ್ಞಾನವನ್ನೂ ಫಲಜ್ಯೋತಿಷವನ್ನೂ ಒಂದೇ ಶ್ರದ್ಧೆಯಿಂದ ಅಭ್ಯಾಸ ಮಾಡಿದವರು. ಮನೆಯಲ್ಲಿ ತಾಯಿಯೊಡನೆ ತಮಿಳು, ಬೀದಿಯಲ್ಲಿ ಕನ್ನಡ, ಮಾಳಿಗೆಯ ಮೇಲೆ ತಂದೆಯ ಪುಸ್ತಕಗಳ ನಡುವೆ ಇಂಗ್ಲಿಷ್, ಹೀಗೆ ಮೂರು ಭಾಷೆಗಳ ನಡುವೆ ಈ ಬಾಲಕ ಬೆಳೆದನು. ಕಾಲೇಜಿನ ಮೊದಲ ವರ್ಷ ಅವರು ಆರಿಸಿಕೊಂಡದ್ದು ವಿಜ್ಞಾನ. ಮಗನಿಗೆ ಗಣಿತದ ಬುದ್ಧಿ ಒಲಿದಿಲ್ಲವೆಂಬುದನ್ನು ಗಣಿತದ ಪ್ರಾಧ್ಯಾಪಕರಾದ ತಂದೆಯೇ ಕಂಡುಕೊಂಡು, ತಾವೇ ಅವರನ್ನು ಕಚೇರಿಗೆ ಕರೆದೊಯ್ದು ವಿಷಯವನ್ನು ಇಂಗ್ಲಿಷ್ ಸಾಹಿತ್ಯಕ್ಕೆ ಬದಲಾಯಿಸಿದರಂತೆ. ಮಗ ಕಲಾ ವಿಭಾಗ ಸೇರಿದನೆಂದು ಮನೆಯವರು ತಲೆ ತಗ್ಗಿಸುವ ಇಂದಿನ ದಿನಗಳಲ್ಲಿ ಆ ತಂದೆಯ ವಿವೇಕ ನೆನೆಯತಕ್ಕದ್ದಾಗಿದೆ. ಮಹಾರಾಜಾ ಕಾಲೇಜಿನಲ್ಲಿ ಓದಿ 1949ರಲ್ಲಿ ಬಿ.ಎ. ಆನರ್ಸ್, 1950ರಲ್ಲಿ ಎಂ.ಎ. ಪದವಿಗಳನ್ನು ಅವರು ಪಡೆದರು.

ಎಂ.ಎ. ಮುಗಿದ ಕೂಡಲೇ ಹಡಗು ಹತ್ತುವ ಅದೃಷ್ಟ ಅವರದಾಗಲಿಲ್ಲ. ಕೊಲ್ಲಂ, ಮದುರೆ, ಬೆಳಗಾವಿ, ಬರೋಡಾ ಎಂದು ಊರಿಂದೂರಿಗೆ ಅಲೆಯುತ್ತ ಇಂಗ್ಲಿಷ್ ಅಧ್ಯಾಪಕರಾಗಿ ಸುಮಾರು ಎಂಟು ವರ್ಷ ಕಳೆದರು. ಈ ಅಲೆದಾಟದಲ್ಲಿ ನಮಗೆ ಮುಖ್ಯವಾದದ್ದು ಬೆಳಗಾವಿಯ ಲಿಂಗರಾಜ ಕಾಲೇಜಿನ ಕಾಲ. ಶಿರಸಂಗಿ ಲಿಂಗರಾಜ ದೇಸಾಯಿಯವರ ಹೆಸರನ್ನು ಹೊತ್ತು 1933ರಲ್ಲಿ ಆರಂಭವಾದ ಈ ಕಾಲೇಜು ಉತ್ತರ ಕರ್ನಾಟಕದ ಹಳ್ಳಿಗಳ ಹುಡುಗರಿಗೆ ಪದವಿಯ ಬಾಗಿಲು ತೆರೆದ ಸಂಸ್ಥೆಗಳಲ್ಲೊಂದು. ಅಲ್ಲಿ ತರಗತಿಯೊಳಗೆ ಇಂಗ್ಲಿಷ್ ಕಾವ್ಯವನ್ನು ಪಾಠ ಹೇಳುತ್ತಿದ್ದ ರಾಮಾನುಜನ್ ಅವರ ಕಿವಿ ತರಗತಿಯ ಹೊರಗೆ ಜನ ಆಡುವ ಕನ್ನಡದ ಮೇಲಿತ್ತು. ಮೈಸೂರಿನ ಕನ್ನಡ ಕೇಳಿ ಬೆಳೆದವರಿಗೆ ಈ ಕಡೆಯ ಗಂಡುಮೆಟ್ಟಿನ ಮಾತು ಹೊಸದಾಗಿ ಕಂಡಿರಬೇಕು. ಗಾದೆ, ಒಗಟು, ಅಡುಗೆಮನೆಯಲ್ಲಿ ಹೆಂಗಸರು ಮಕ್ಕಳಿಗೆ ಉಣಿಸುತ್ತ ಹೇಳುವ ಕಥೆ, ಇವನ್ನೆಲ್ಲ ಕೇಳಿ ಕೇಳಿ ಬರೆದುಕೊಳ್ಳತೊಡಗಿದರು. ಕಿತ್ತೂರಿನಲ್ಲಿ 1955ರಲ್ಲಿ ಅವರು ಬರೆದುಕೊಂಡ ಹಂಚಿಯ ಕಥೆ ಮುಂದೆ ಜಗತ್ತಿನ ಸಿಂಡರೆಲಾ ಕಥೆಗಳ ಸಾಲಿನಲ್ಲಿ ಕನ್ನಡದ ಕಥೆಯಾಗಿ ಸ್ಥಾನ ಪಡೆಯಿತು.

ಆ ಕಾಲದಲ್ಲಿ ಇಂಗ್ಲಿಷ್ ಎಂ.ಎ. ಆದವರೊಬ್ಬರು ಅಜ್ಜಿಯರ ಮುಂದೆ ಕುಳಿತು ಕಥೆ ಬರೆದುಕೊಳ್ಳುವುದು ಪ್ರತಿಷ್ಠೆಯ ಕೆಲಸವಾಗಿರಲಿಲ್ಲ. ಅದಕ್ಕೆ ಯಾರೂ ಬಡ್ತಿ ಕೊಡುತ್ತಿರಲಿಲ್ಲ. ಆದರೂ ರಾಮಾನುಜನ್ ಅದನ್ನು ಹವ್ಯಾಸವೆಂದು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗಲಿಲ್ಲ. ಗಾದೆಗಳನ್ನು ಕುರಿತ ಅವರ ಕನ್ನಡ ಪುಸ್ತಿಕೆ 1955ರಲ್ಲಿ ಧಾರವಾಡದಿಂದ ಹೊರಬಂದಿತು. ಮರುವರ್ಷವೇ ಮಣ್ಣಿನ ಅತ್ತೆಯ ಕಥೆಯ ಇಂಗ್ಲಿಷ್ ರೂಪ ಅಮೆರಿಕದ ಒಂದು ಜಾನಪದ ಪತ್ರಿಕೆಯಲ್ಲಿ ಅಚ್ಚಾಯಿತು. ಅಮೆರಿಕವನ್ನು ಅವರು ಕಾಣುವುದಕ್ಕೆ ಮೂರು ವರ್ಷ ಮೊದಲೇ ನಮ್ಮ ಸೀಮೆಯ ಒಬ್ಬ ಸೊಸೆಯ ಕಥೆ ಸಮುದ್ರ ದಾಟಿತ್ತು! ಅರ್ಜಿಯ ಆ ಕಠಿಣ ಕಾಲಮ್ಮಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇರೆ ಯಾವುದಿದ್ದೀತು?

ಇಷ್ಟಾದರೂ ಕಥೆಗಳ ರಾಶಿಯೊಂದೇ ಸಾಲದು. ಅವನ್ನು ಶಾಸ್ತ್ರದ ಕಣ್ಣಿನಿಂದ ನೋಡುವ ಅಭ್ಯಾಸ ಬೇಕು. ಆಗ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಡಾ. ಎಸ್. ಎಂ. ಕತ್ರೆಯವರ ನೇತೃತ್ವದಲ್ಲಿ ಭಾಷಾವಿಜ್ಞಾನದ ಅಧ್ಯಯನ ಹೊಸ ಹುರುಪಿನಿಂದ ನಡೆದಿತ್ತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ನಡೆದ ಅಲ್ಲಿನ ಶಿಬಿರಗಳಿಗೆ ಅಮೆರಿಕದ ಭಾಷಾವಿಜ್ಞಾನಿಗಳೂ ಬಂದು ಪಾಠ ಹೇಳುತ್ತಿದ್ದರು. ಅಧ್ಯಾಪಕರಾಗಿದ್ದ ರಾಮಾನುಜನ್ ಸಂಕೋಚ ಬಿಟ್ಟು ಮತ್ತೆ ವಿದ್ಯಾರ್ಥಿಯ ಬೆಂಚಿನ ಮೇಲೆ ಕುಳಿತರು. 1958ರಲ್ಲಿ ಅಲ್ಲಿ ಭಾಷಾವಿಜ್ಞಾನದ ಡಿಪ್ಲೊಮಾ ಪಡೆದರು. ಪರದೇಶಕ್ಕೆ ಹಾದಿ ತೆರೆದದ್ದು ಇದಾದ ಮೇಲೆ. 1959ರಲ್ಲಿ ಫುಲ್‌ಬ್ರೈಟ್ ಮತ್ತು ಸ್ಮಿತ್–ಮಂಡ್ಟ್ ಶಿಷ್ಯವೇತನಗಳೆರಡೂ ದೊರೆತು, ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹಡಗಿನಲ್ಲಿ ಪಯಣ ಬೆಳೆಸಿದರು. ಆಗ ಅವರಿಗೆ ವಯಸ್ಸು ಮೂವತ್ತು.

ಎರಡು ಶಿಷ್ಯವೇತನಗಳು ಏಕೆಂದು ವಾಚಕರು ಕೇಳಬಹುದು. ಇದರ ಹಿಂದೆ ಸ್ವಾರಸ್ಯವಾದ ಲೆಕ್ಕಾಚಾರವಿದೆ. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಅಪಾರ ಸಾಮಗ್ರಿ ಬೇರೆ ಬೇರೆ ದೇಶಗಳಲ್ಲಿ ಉಳಿದಿತ್ತು. ಅದನ್ನು ಆಯಾ ದೇಶಗಳಿಗೇ ಮಾರಿ, ಬಂದ ಹಣವನ್ನು ವಿದ್ಯಾರ್ಥಿಗಳ ಮತ್ತು ವಿದ್ವಾಂಸರ ವಿನಿಮಯಕ್ಕೆ ಬಳಸಬೇಕೆಂದು ಸೆನೆಟರ್ ಫುಲ್‌ಬ್ರೈಟ್ 1946ರಲ್ಲಿ ಶಾಸನ ಮಾಡಿಸಿದರು. ಭಾರತದೊಡನೆ ಈ ಒಪ್ಪಂದವಾದದ್ದು 1950ರಲ್ಲಿ. ಆದರೆ ಆ ಹಣವೆಲ್ಲ ಆಯಾ ದೇಶದ ನಾಣ್ಯದಲ್ಲಿತ್ತು. ರೂಪಾಯಿಯಿಂದ ಪ್ರಯಾಣದ ಟಿಕೆಟ್ಟು ಕೊಳ್ಳಬಹುದಿತ್ತೇ ಹೊರತು ಅಮೆರಿಕದಲ್ಲಿ ಊಟ, ವಸತಿ ಕೊಳ್ಳಲಾಗುತ್ತಿರಲಿಲ್ಲ. ಅದಕ್ಕೆ ಡಾಲರೇ ಬೇಕು. ಆ ಡಾಲರನ್ನು 1948ರ ಸ್ಮಿತ್–ಮಂಡ್ಟ್ ಶಾಸನದ ವೇತನವೋ ಅಲ್ಲಿನ ವಿಶ್ವವಿದ್ಯಾಲಯವೋ ಕೊಡಬೇಕಾಗುತ್ತಿತ್ತು. ಹೋಗುವ ಖರ್ಚು ಯಾರದು, ಇರುವ ಖರ್ಚು ಯಾರದು ಎಂಬ ಪ್ರಶ್ನೆಗಳನ್ನು ಅಂದಿನ ಅರ್ಜಿದಾರ ಬೇರೆ ಬೇರೆಯಾಗಿಯೇ ಬಿಡಿಸಿಕೊಳ್ಳಬೇಕಾಗಿತ್ತು. ಇಂದು ಭಾರತದಲ್ಲಿ ಫುಲ್‌ಬ್ರೈಟ್ ವೇತನಗಳಿಗೆ ನೆಹರೂ ಅವರ ಹೆಸರೂ ಸೇರಿದೆ. 2008ರ ಹೊಸ ಒಪ್ಪಂದದಂತೆ ಎರಡೂ ಸರಕಾರಗಳು ಹಣ ಹಾಕುತ್ತವೆ. ವ್ಯವಸ್ಥೆ ಬದಲಾದರೂ ಬಡ ವಿದ್ಯಾರ್ಥಿ ಈ ಎರಡು ಪ್ರಶ್ನೆಗಳನ್ನು ಮೊದಲೇ ಕೇಳಿಕೊಳ್ಳಬೇಕಾದುದು ಮಾತ್ರ ಬದಲಾಗಿಲ್ಲ.

ಇಂಡಿಯಾನಾ ವಿಶ್ವವಿದ್ಯಾಲಯವಿರುವ ಬ್ಲೂಮಿಂಗ್ಟನ್ ನಗರವು ಜಾನಪದ ಅಧ್ಯಯನಕ್ಕೂ ಭಾಷಾವಿಜ್ಞಾನಕ್ಕೂ ಹೆಸರಾದ ಸ್ಥಳ. ಬೆಳಗಾವಿಯ ಕಥೆಗಳಿಗೂ ಪುಣೆಯ ಪಾಠಗಳಿಗೂ ಅಲ್ಲಿ ಒಂದೇ ಸೂರು ದೊರೆತಂತಾಯಿತು. ಇಂಗ್ಲಿಷ್ ಎಂ.ಎ. ಓದಿದವರು ಅಮೆರಿಕಕ್ಕೆ ಹೋಗಿ ಯಾವುದಾದರೂ ಇಂಗ್ಲಿಷ್ ಕವಿಯ ಮೇಲೆ ಪ್ರಬಂಧ ಬರೆಯುವರೆಂದು ಯಾರಾದರೂ ಊಹಿಸಿಯಾರು. ರಾಮಾನುಜನ್ ಆರಿಸಿಕೊಂಡ ವಿಷಯ ಕನ್ನಡದ ವ್ಯಾಕರಣ! ಭಾಷಾಶಾಸ್ತ್ರದಲ್ಲಿ ಆಗತಾನೆ ಚಾಮ್‌ಸ್ಕಿಯವರ ಉತ್ಪಾದಕ ವ್ಯಾಕರಣದ ಸಿದ್ಧಾಂತ ದೊಡ್ಡ ಸಂಚಲನ ಉಂಟುಮಾಡಿತ್ತು. ಆ ಸಿದ್ಧಾಂತವನ್ನು ಕನ್ನಡಕ್ಕೆ ಅನ್ವಯಿಸಿ ಬರೆದ ಪ್ರಬಂಧಕ್ಕೆ 1963ರಲ್ಲಿ ಅವರಿಗೆ ಪಿಎಚ್.ಡಿ. ದೊರೆಯಿತು. ಕನ್ನಡ ಓದಿದವನಿಗೆ ಪರದೇಶದಲ್ಲಿ ಏನು ಕೆಲಸವೆಂದು ನಗುವವರಿಗೆ ಈ ಒಂದು ಪ್ರಬಂಧವೇ ಸಾಕಷ್ಟು ಉತ್ತರವಲ್ಲವೆ?

ಅಷ್ಟರಲ್ಲಿ ಷಿಕಾಗೋ ವಿಶ್ವವಿದ್ಯಾಲಯ ಅವರನ್ನು ಕರೆದುಕೊಂಡಿತ್ತು. ಅಲ್ಲಿ 1962ರಲ್ಲಿ ನಡೆದ ಒಂದು ಪ್ರಸಂಗ ಹೇಳದೆ ಈ ಚರಿತ್ರೆ ಪೂರ್ಣವಾಗದು. ಒಂದು ಶನಿವಾರ ಹಳೆಯ ತಮಿಳಿನ ವ್ಯಾಕರಣವೊಂದನ್ನು ಹುಡುಕುತ್ತ ಅವರು ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಗೆ ಇಳಿದರು. ಅಲ್ಲಿದ್ದ ಪುಸ್ತಕಗಳ ನಡುವೆ ಉ. ವೇ. ಸ್ವಾಮಿನಾಥ ಅಯ್ಯರ್ ಅವರು 1937ರಲ್ಲಿ ಸಂಪಾದಿಸಿದ ಕುರುಂತೊಗೈ ಎಂಬ ಸಂಗಂ ಕಾಲದ ಪ್ರೇಮಕವನಗಳ ಸಂಕಲನ ಕೈಗೆ ಸಿಕ್ಕಿತು. ತಾಯಿಯ ಭಾಷೆಯ ಪ್ರಾಚೀನ ಸಂಪತ್ತು ಅವರಿಗೆ ತೆರೆದುಕೊಂಡದ್ದು ಹೀಗೆ, ಸಾವಿರಾರು ಮೈಲಿ ದೂರದ ನೆಲಮಾಳಿಗೆಯಲ್ಲಿ. ಅದರ ಫಲವಾಗಿ 1967ರಲ್ಲಿ ಆ ಕವನಗಳ ಇಂಗ್ಲಿಷ್ ಅನುವಾದ ಪ್ರಕಟವಾಯಿತು.

ವಿಜಯಪುರದವರಾದ ನಮಗೆ ಇನ್ನೂ ಹತ್ತಿರವಾದದ್ದು 1973ರಲ್ಲಿ ಪೆಂಗ್ವಿನ್ ಪ್ರಕಾಶನದಿಂದ ಬಂದ ಅವರ ವಚನಗಳ ಅನುವಾದ. ಬಸವಣ್ಣನವರು ಹುಟ್ಟಿದ ನೆಲ ನಮ್ಮದು. ಮನೆಮನೆಗಳಲ್ಲಿ ತಾಡವೋಲೆಯಾಗಿ ಧೂಳು ತಿನ್ನುತ್ತಿದ್ದ ವಚನಗಳನ್ನು ಹುಡುಕಿ ತಂದು, ಸ್ವಂತ ಹಣ ಸುರಿದು ಅಚ್ಚುಹಾಕಿಸಿದ ಫ. ಗು. ಹಳಕಟ್ಟಿಯವರು ವಕೀಲಿ ಮಾಡುತ್ತ ಬಾಳಿದ್ದು ಈ ಊರಲ್ಲಿಯೇ. ಅವರ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂದದ್ದು 1923ರಲ್ಲಿ. ಆ ಬಳಿಕ ಸರಿಯಾಗಿ ಐವತ್ತು ವರ್ಷಕ್ಕೆ ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭುಗಳ ವಚನಗಳು ರಾಮಾನುಜನ್ ಅವರ ಮೂಲಕ ಇಂಗ್ಲಿಷ್ ಬಲ್ಲ ಜಗತ್ತಿಗೆಲ್ಲ ಕೇಳಿಸಿದವು. ಹಳಕಟ್ಟಿಯವರು ಪರದೇಶದಲ್ಲಿ ಓದಿದವರಲ್ಲ. ರಾಮಾನುಜನ್ ಊರಿಗೆ ಮರಳಿ ನೆಲಸಿದವರಲ್ಲ. ಇಲ್ಲಿದ್ದವರು ಕೂಡಿಸಿಟ್ಟದ್ದನ್ನು ಅಲ್ಲಿಗೆ ಹೋದವರು ಹಂಚಿದರು. ಇಬ್ಬರಲ್ಲಿ ಯಾರ ಕೆಲಸ ದೊಡ್ಡದೆಂದು ಕೇಳುವುದು ವ್ಯರ್ಥ.

ರಾಮಾನುಜನ್ ಮರಳಿ ಬಂದು ನೆಲಸದಿದ್ದುದು ನಷ್ಟವಲ್ಲವೆ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ನಷ್ಟವೇ ಸರಿ. ಇಲ್ಲಿನ ತರಗತಿಗಳು ಒಬ್ಬ ಒಳ್ಳೆಯ ಮೇಷ್ಟ್ರನ್ನು ಕಳೆದುಕೊಂಡವು. ಅವರೂ ಕೆಲವನ್ನು ಕಳೆದುಕೊಂಡಿರಬೇಕು. ಬೀದಿಯಲ್ಲಿ ಕೇಳಿಸುತ್ತಿದ್ದ ಕನ್ನಡ ಷಿಕಾಗೋದ ಬೀದಿಯಲ್ಲಿ ಕೇಳಿಸಲಾರದು. ಆದರೂ ಕನ್ನಡದಲ್ಲಿ ಬರೆಯುವುದನ್ನು ಅವರು ಬಿಡಲಿಲ್ಲ. ದೇಶ ಬಿಟ್ಟು ಹತ್ತು ವರ್ಷಗಳ ಮೇಲೆ, 1969ರಲ್ಲಿ, ಅವರ ಮೊದಲ ಕನ್ನಡ ಕವನಸಂಗ್ರಹ ಹೊಕ್ಕುಳಲ್ಲಿ ಹೂವಿಲ್ಲ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂದಿತು. ಅನಂತಮೂರ್ತಿಯವರ ಸಂಸ್ಕಾರವನ್ನು 1976ರಲ್ಲಿ ಇಂಗ್ಲಿಷಿಗೆ ತಂದರು. ಅದೇ ವರ್ಷ ಭಾರತ ಸರಕಾರ ಪದ್ಮಶ್ರೀ ನೀಡಿತು. 1983ರಲ್ಲಿ ಅಮೆರಿಕದ ಮೆಕಾರ್ಥರ್ ಗೌರವವೇತನ ದೊರೆಯಿತು. 1993ನೆಯ ಜುಲೈ 13ರಂದು ಷಿಕಾಗೋದಲ್ಲಿ ಅವರು ತೀರಿಕೊಂಡಾಗ ವಯಸ್ಸು ಅರವತ್ತನಾಲ್ಕು. ಬೆಳಗಾವಿಯ ಕಡೆ ಕೂಡಿಸಿದ ಕಥೆಗಳ ಸಂಗ್ರಹ ಅವರ ಮರಣಾನಂತರ 1997ರಲ್ಲಿ ಬೆಳಕು ಕಂಡಿತು. ಮೊದಲು ಕೈಗೆತ್ತಿಕೊಂಡ ಕೆಲಸವೇ ಕೊನೆಯವರೆಗೂ ಅವರ ಜೊತೆಗಿತ್ತು.

ಈ ಜೀವನದಿಂದ ನಾನು ಕಲಿತದ್ದು ಇಷ್ಟು. ಪರದೇಶದ ವಿಶ್ವವಿದ್ಯಾಲಯದ ಅರ್ಜಿಯನ್ನು ಬರೆಯತೊಡಗುವುದು ಕೊನೆಯ ದಿನಾಂಕದ ಹಿಂದಿನ ವಾರದಲ್ಲಲ್ಲ. ಐದಾರು ವರ್ಷ ಮೊದಲು, ನಮ್ಮ ಊರಿನಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ. ಅಂಕಪಟ್ಟಿ, ಇಂಗ್ಲಿಷ್ ಪರೀಕ್ಷೆ, ಶಿಫಾರಸು ಪತ್ರ ಇವೆಲ್ಲ ಬೇಕೇ ಬೇಕು. ಆದರೆ ಅವು ಎಲ್ಲರಲ್ಲೂ ಇರುತ್ತವೆ. ಜೈನಾಪುರದ ಅಜ್ಜಿ ಬೀಸುವಾಗ ಹಾಡುವ ಹಾಡು, ಬಬಲೇಶ್ವರದ ರೈತ ಮೋಡ ನೋಡಿ ಆಡುವ ಮಾತು ನಮ್ಮನ್ನು ಬಿಟ್ಟು ಬೇರೆ ಯಾರ ಬಳಿಯೂ ಇಲ್ಲ. ಅದನ್ನು ಬರೆದುಕೊಳ್ಳುವ ತಾಳ್ಮೆ, ಶಾಸ್ತ್ರೀಯವಾಗಿ ನೋಡುವ ಕಣ್ಣು ಬಂದರೆ ಆ ಕಾಲಮ್ಮು ತಾನಾಗಿ ತುಂಬುತ್ತದೆ.

ನಮ್ಮ ಗುರುಗಳಲ್ಲಿಯೂ ಒಂದು ವಿನಂತಿ. ನಮ್ಮ ಮನೆಗಳಲ್ಲಿ ಇಂಥ ಅರ್ಜಿಯನ್ನು ಕಂಡವರಿಲ್ಲ; ಅದನ್ನು ಹೇಗೆ ಬರೆಯಬೇಕು, ಯಾರನ್ನು ಕೇಳಬೇಕು ಎಂದು ಹೇಳುವವರೂ ಇಲ್ಲ. ನಮ್ಮ ಪಾಲಿಗೆ ಆ ತಿಳುವಳಿಕೆಯ ಬಾಗಿಲು ತಾವೇ. ವಿಷಯ ಬದಲಿಸಲು ಮಗನ ಕೈಹಿಡಿದು ಕಚೇರಿಗೆ ಕರೆದೊಯ್ದ ಆ ಮೈಸೂರಿನ ತಂದೆಯಂತೆ ತಾವೂ ನಮ್ಮನ್ನು ನಡೆಸಬೇಕೆಂದು ಬೇಡುತ್ತೇನೆ.

ನಾನು ಅಂದು ಮುಚ್ಚಿಟ್ಟ ಅರ್ಜಿಯನ್ನು ಇನ್ನೂ ತೆರೆದಿಲ್ಲ. ಆದರೆ ಈ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಇನ್ನೂರು ಪುಟದ ಒಂದು ನೋಟ್‌ಬುಕ್ಕು ಕೊಂಡೊಯ್ದಿದ್ದೆ. ನಲವತ್ತು ಪುಟ ತುಂಬಿವೆ.