ಕಾವಸಜಿಯ ಮೂಗು

ಮುಖದ ಗಾಯಕ್ಕೂ ಮೈಯ ಇತರ ಗಾಯಗಳಿಗೂ ಇರುವ ಅಂತರವನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಕಾಲಿನ ಕಲೆಯನ್ನು ಧೋತರವು ಮುಚ್ಚೀತು. ಮೂಗು ಹೋದವನು ಬೀದಿಗಿಳಿದರೆ ಅವನ ಕಥೆಯು ಅವನಿಗಿಂತ ಮುಂದೆ ನಡೆಯುತ್ತದೆ. ಇಂತಹ ಒಬ್ಬನ ಮುಖವು ಲೋಕದ ವೈದ್ಯಶಾಸ್ತ್ರದಲ್ಲಿ ಶಾಶ್ವತವಾಗಿ ನಿಂತಿದೆ. ಆ ಗಾಯವಾದುದು ನಮ್ಮ ಮೈಸೂರಿನ ಯುದ್ಧದಲ್ಲಿ. ಆದುದರಿಂದ ಕಾವಸಜಿಯ ಚರಿತ್ರೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಕಾವಸಜಿಯು ಮರಾಠಾ ಒಕ್ಕಲುಮಗನು. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಎತ್ತು ಹೊಡೆಯುವ ಕೆಲಸಕ್ಕಿದ್ದವನು. ಇದನ್ನು ಅಲ್ಪವಾದ ಕೆಲಸವೆಂದು ತಿಳಿಯಬಾರದು. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನು ಕೋಲಾರ, ಹೊಸಕೋಟೆಗಳನ್ನು ಹಿಡಿದು, ಇಂದು ಮಹದೇವಪುರವಿರುವ ಪೂರ್ವದಿಕ್ಕಿನಿಂದ ಬೆಂಗಳೂರಿನ ಮೇಲೆ ಬಂದು, 21ನೆಯ ತಾರೀಖು ಕೋಟೆಯನ್ನು ತೆಗೆದುಕೊಂಡನು. ಆದರೆ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿ ಎತ್ತುಗಳು ಸತ್ತುಬಿದ್ದುವು. ಎಳೆಯುವವರಿಲ್ಲದ ದೊಡ್ಡ ತೋಪುಗಳನ್ನು ತಾನೇ ಒಡೆಸಿ ಹಿಂದಿರುಗಬೇಕಾಯಿತು. ಎತ್ತು ನಿಂತರೆ ಯುದ್ಧವೇ ನಿಂತಂತೆ.

1792ರಲ್ಲಿ ಟೀಪುವಿನ ಕಡೆಯವರು ಕಾವಸಜಿಯನ್ನು ಸೆರೆಹಿಡಿದರು; ಅವನ ಮೂಗನ್ನೂ ಒಂದು ಕೈಯನ್ನೂ ಕಡಿಸಲಾಯಿತು. ಇದನ್ನು ಬರೆದಿಟ್ಟವರು ಟೀಪುವಿನ ಶತ್ರುಗಳೆಂಬುದು ನಿಜ. ಆದರೂ ಆ ವೀರನ ಶೌರ್ಯವನ್ನು ಕೊಂಡಾಡುವ ನಾವು ಇದನ್ನು ಮರೆಮಾಚಲಾರೆವು. ಈ ಕ್ರೌರ್ಯವು ಆತನಿಂದ ಮೊದಲಾದುದೂ ಅಲ್ಲ. 17ನೆಯ ಶತಮಾನದಲ್ಲಿ ಮಧುರೆಯ ಮೇಲೆ ಹೋದ ಮೈಸೂರು ದಂಡು ಮೂಗುಗಳನ್ನು ಕೊಯ್ದುದನ್ನೂ, ಮಧುರೆಯವರು ಅದಕ್ಕೆ ಹಾಗೆಯೇ ಮುಯ್ಯಿ ತೀರಿಸಿದುದನ್ನೂ ಚರಿತ್ರೆಯು ಹೇಳುತ್ತದೆ.

ಗಾಯಗೊಂಡ ಕಾವಸಜಿಯು ಶ್ರೀರಂಗಪಟ್ಟಣದ ಸಮೀಪದಲ್ಲಿದ್ದ ಮುಂಬಯಿ ಸೈನ್ಯವನ್ನು ಸೇರಿಕೊಂಡನು. ಕಂಪನಿಯವರು ವಿಶ್ರಾಂತಿವೇತನ ಕೊಟ್ಟರು. ಮೂಗನ್ನು ಕೊಡಲು ಅವರ ಡಾಕ್ಟರುಗಳಿಗೆ ತಿಳಿಯದು. ಒಂದು ವರ್ಷಕ್ಕೂ ಮೇಲ್ಪಟ್ಟು ಅವನು ಹಾಗೆಯೇ ಇದ್ದನು. ಅನಂತರ ಪುಣೆಯ ಬಳಿಯ ಒಬ್ಬ ಇಟ್ಟಿಗೆ ಮಾಡುವ ಕುಲದವನು ಅವನಿಗೆ ಹೊಸ ಮೂಗು ಕಟ್ಟಿದನು. ಕ್ರೂಸೋ ಮತ್ತು ಫಿಂಡ್ಲೆ ಎಂಬ ಮುಂಬಯಿ ಇಲಾಖೆಯ ಡಾಕ್ಟರುಗಳು ಆ ಚಿಕಿತ್ಸೆಯನ್ನು ಕಣ್ಣಾರೆ ಕಂಡಿದ್ದರು.

ಅದರ ಕ್ರಮವು ಹೀಗೆ. ಮೊದಲು ತೆಳುವಾದ ಮೇಣದ ಹಾಳೆಯಿಂದ ಮೂಗಿನ ಆಕಾರವನ್ನು ಮಾಡಿ, ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆಯುವನು. ಗೆರೆಯೊಳಗಿನ ಚರ್ಮವನ್ನು ಬಿಡಿಸುವನು. ಆದರೆ ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕೊಯ್ಯದೆ ಉಳಿಸುವನು. ಗುಟ್ಟೆಲ್ಲ ಈ ಪಟ್ಟಿಯಲ್ಲಿದೆ: ಹೊಸ ಜಾಗದಲ್ಲಿ ಬೇರೂರುವವರೆಗೆ ಚರ್ಮಕ್ಕೆ ರಕ್ತವು ಇದರ ಮೂಲಕವೇ ಹರಿಯಬೇಕು. ಬಳಿಕ ಮೂಗಿನ ಮೋಟಿನ ಒಣಗಿದ ಅಂಚನ್ನು ಹೆರೆದು ಹಸಿಯಾಗಿಸಿ, ಹಣೆಯ ಚರ್ಮವನ್ನು ಅರ್ಧ ತಿರುವಿ ಕೆಳಗಿಳಿಸಿ, ಸುತ್ತ ಕೊಯ್ದ ಸೀಳಿನೊಳಗೆ ಅದರ ಅಂಚನ್ನು ಸೇರಿಸುವನು. ಅಂಟಿಗೆ ನೀರಿನಲ್ಲಿ ಮೆದುಮಾಡಿದ ಕಾಚು ಸವರಿದ ಬಟ್ಟೆ. ನಾಲ್ಕು ದಿನಗಳ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೆಯ ದಿನ ಹೊಳ್ಳೆಗಳು ಮುಚ್ಚದಂತೆ ಮೆತ್ತನೆಯ ಅರಿವೆ. ಸುಮಾರು ಇಪ್ಪತ್ತೈದನೆಯ ದಿನ ಹುಬ್ಬಿನ ನಡುವಿನ ಪಟ್ಟಿಯನ್ನು ಕತ್ತರಿಸುವುದು. ತಾಂಬೂಲಕ್ಕೆ ಹಾಕುವ ಕಾಚೇ ಇಲ್ಲಿ ಔಷಧವಾದುದನ್ನು ವಾಚಕರು ಗಮನಿಸುವರಷ್ಟೆ. ಸುಶ್ರುತನು ಇದೇ ಕಾರ್ಯಕ್ಕೆ ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮವನ್ನು ಬಳಸಲು ಹೇಳಿದ್ದನು.

ಇಂದು ಇಂತಹ ಗಾಯವನ್ನು ನೋಡುವುದರ ಜೊತೆಗೆ ಅಂಕೆಯಲ್ಲಿ ಬರೆಯುವುದೂ ಒಂದು ಉದ್ಯೋಗವಾಗಿದೆ. ದೂರದೇಶಗಳ ಆಸ್ಪತ್ರೆಯ ಕಾಗದಗಳಿಗೆ ಸಂಕೇತ ಹಾಕುವ ತರುಣರು ಬೆಂಗಳೂರಿನ ಕಚೇರಿಗಳಲ್ಲಿ ಬಹುಮಂದಿ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೆಯ ಪರಿಷ್ಕರಣದ ಪಟ್ಟಿಯಂತೆ ಮೂಗು ಸೀಳಿದ್ದರೆ ಎಸ್ 01.2, ಕಡಿದೇ ಹೋಗಿದ್ದರೆ ಎಸ್ 08.8. ಗಾಯ ನೋಡುವವನು ಇವೆರಡರ ಭೇದವನ್ನು ಸ್ಪಷ್ಟವಾಗಿ ಬರೆಯದಿದ್ದರೆ ಸಂಕೇತ ಹಾಕುವವನು ಮಾಡುವುದಾದರೂ ಏನು? ಕಾವಸಜಿಯ ವಿಷಯದಲ್ಲಿ ಕಾರಣದ ಅಂಕೆಯೇ ಕಷ್ಟದ್ದು. ಯುದ್ಧಕಾರ್ಯವೆಂದು ವೈ 36 ಹಾಕಬೇಕೋ, ಹರಿತವಾದ ಆಯುಧದ ಹಲ್ಲೆಯೆಂದು ಎಕ್ಸ್ 99 ಹಾಕಬೇಕೋ? ಕೈಸೆರೆಯಾದವನ ಮೂಗು ಕೊಯ್ಯುವುದನ್ನು ಯುದ್ಧವೆನ್ನಲು ನಮ್ಮ ಮನಸ್ಸು ಒಪ್ಪದು.

ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರನು ಕಾವಸಜಿಯ ಹೊಸ ಮುಖವನ್ನು ಬರೆದನು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯು ಚಿತ್ರದೊಡನೆ ಈ ವೃತ್ತಾಂತವನ್ನು ಪ್ರಕಟಿಸಿತು. ಅದನ್ನು ಓದಿದ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಒಬ್ಬ ಸೇನಾಧಿಕಾರಿಗೆ ಹಣೆಯ ಚರ್ಮದಿಂದಲೇ ಮೂಗು ಮಾಡಿ, 1816ರಲ್ಲಿ ಪುಸ್ತಕವನ್ನು ಬರೆದು ಪ್ರಸಿದ್ಧನಾದನು. ಯೂರೋಪಿನಲ್ಲೆಲ್ಲ ಅದಕ್ಕೆ ಭಾರತೀಯ ವಿಧಾನವೆಂದೇ ಹೆಸರಾಯಿತು. ಆ ಪತ್ರಿಕೆಯಲ್ಲಿ ಗಾಯಾಳುವಿನ ಹೆಸರಿದೆ, ನೋಡಿದ ಇಬ್ಬರು ಡಾಕ್ಟರುಗಳ ಹೆಸರಿದೆ. ಮೂಗನ್ನು ಕಟ್ಟಿದವನಿಗೆ ಮಾತ್ರ ಕುಲವನ್ನು ಬರೆದು, ಹೆಸರನ್ನು ಬಿಟ್ಟಿದ್ದಾರೆ.