ಡಾಕ್ಟರ್ ಹೋಮಿ ಭಾಭಾ ಮತ್ತು ರಾಷ್ಟ್ರಗಳ ವಿಜ್ಞಾನಸಹಕಾರ

ಕೋಲಾರದ ಚಿನ್ನದ ಗಣಿಗಳ ಸಂಗತಿಯನ್ನು ನಮ್ಮ ನಾಡಿನಲ್ಲಿ ಕೇಳದವರಿಲ್ಲ. ಆದರೆ 1965ನೆಯ ಇಸವಿಯಲ್ಲಿ ಆ ಗಣಿಯೊಂದರೊಳಗೆ, ನೆಲದಿಂದ ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ಭಾರತದವರೂ ಜಪಾನಿನವರೂ ಇಂಗ್ಲೆಂಡಿನವರೂ ಒಟ್ಟುಗೂಡಿ ಚಿನ್ನವಲ್ಲದ ಬೇರೊಂದು ವಸ್ತುವನ್ನು ಅರಸಿ ಕಂಡರೆಂಬುದನ್ನು ಬಲ್ಲವರು ವಿರಳ. ಆ ಕಾರ್ಯಕ್ಕೆ ಬೀಜವನ್ನು ಬಿತ್ತಿದವರು ಡಾಕ್ಟರ್ ಹೋಮಿ ಜಹಾಂಗೀರ್ ಭಾಭಾರವರು. ಅವರ ಹೆಸರು ಅಣುಶಕ್ತಿಯೊಡನೆ ಬೆಸೆದುಹೋಗಿರುವುದರಿಂದ, ಅನ್ಯರಾಷ್ಟ್ರಗಳೊಡನೆ ವಿಜ್ಞಾನದ ಕೊಡುಕೊಳೆಯನ್ನು ಹೇಗೆ ನಡೆಸಬೇಕೆಂಬ ವಿಷಯದಲ್ಲಿ ಅವರು ಹಿಡಿದ ಮಾರ್ಗವು ಬಹುಮಟ್ಟಿಗೆ ಮರೆತುಹೋಗಿದೆ. ಬರಿಗೈಯಲ್ಲಿ ಹೋದವನಿಗೆ ದೊರೆಯುವುದು ದಾನವೇ ಹೊರತು ಪಾಲುಗಾರಿಕೆಯಲ್ಲ ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಅವರ ಜೀವಿತವನ್ನು ಈ ದೃಷ್ಟಿಯಿಂದ ನೋಡಿದರೆ ಹಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಭಾಭಾರವರು 1909ನೆಯ ಅಕ್ಟೋಬರ್ 30ರಂದು ಮುಂಬಯಿಯ ಪಾರ್ಸಿ ಮನೆತನವೊಂದರಲ್ಲಿ ಜನಿಸಿದರು. ಆ ಮನೆತನಕ್ಕೂ ಕನ್ನಡನಾಡಿಗೂ ಹಳೆಯ ನಂಟು. ಅವರ ಪಿತಾಮಹರು ಮೈಸೂರು ಸಂಸ್ಥಾನದ ವಿದ್ಯಾಭ್ಯಾಸ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಜನರಲ್ ಹುದ್ದೆಯಲ್ಲಿದ್ದವರು. ತಂದೆ ಜಹಾಂಗೀರ್ ಭಾಭಾರವರು ಬೆಂಗಳೂರಿನಲ್ಲಿ ಬೆಳೆದು, ಕಾನೂನು ವ್ಯಾಸಂಗ ಮಾಡಿ, ಮುಂಬಯಿಯಲ್ಲಿ ನೆಲಸಿದರು. ಸೋದರತ್ತೆ ಮೆಹರ್‌ಬಾಯಿಯವರು ಸರ್ ದೊರಾಬ್ಜಿ ತಾತಾರವರ ಕೈಹಿಡಿದವರು. ಹುಡುಗನು ಕೇಂಬ್ರಿಜಿನಲ್ಲಿ ಯಂತ್ರಶಾಸ್ತ್ರವನ್ನು ಕಲಿತು ಬಂದು ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಯ ಆಡಳಿತಕ್ಕೆ ನಿಲ್ಲಬೇಕೆಂಬುದು ಹಿರಿಯರ ಸಂಕಲ್ಪವಾಗಿತ್ತು. ಹುಡುಗನ ಮನಸ್ಸಾದರೋ ಭೌತಶಾಸ್ತ್ರದಲ್ಲಿ ನೆಟ್ಟಿತ್ತು. ಯಂತ್ರಶಾಸ್ತ್ರದ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯನ್ನು ಪಡೆದರೆ ಇಷ್ಟಬಂದ ವಿದ್ಯೆಯನ್ನು ಕಲಿಯಬಹುದೆಂದು ತಂದೆಯವರು ಮಾತು ಕೊಟ್ಟರು. 1930ರಲ್ಲಿ ಮಗನು ಆ ದರ್ಜೆಯನ್ನು ಪಡೆದನು. ತಂದೆಯವರು ಮಾತಿಗೆ ತಪ್ಪಲಿಲ್ಲ.

ಅನಂತರದ ಏಳೆಂಟು ವರ್ಷಗಳು ಸಂಚಾರದಲ್ಲಿ ಕಳೆದುವು. ಜೂರಿಕ್ಕಿನಲ್ಲಿ ಪೌಲಿ, ರೋಮಿನಲ್ಲಿ ಫರ್ಮಿ, ಕೋಪನ್‌ಹೇಗನ್ನಿನಲ್ಲಿ ಬೋರ್, ಕೇಂಬ್ರಿಜಿನಲ್ಲಿ ಡಿರಾಕ್, ಹೀಗೆ ಆ ಕಾಲದ ಮಹಾಪಂಡಿತರೆಲ್ಲರ ಸಾನ್ನಿಧ್ಯವು ಅವರಿಗೆ ದೊರೆಯಿತು. 1937ರಲ್ಲಿ ಹೈಟ್ಲರ್ ಎಂಬ ವಿದ್ವಾಂಸರೊಡನೆ ಅವರು ಪ್ರಕಟಿಸಿದ ಸಿದ್ಧಾಂತವು ವಿಶ್ವಕಿರಣಗಳ ಒಂದು ದೊಡ್ಡ ಒಗಟನ್ನು ಬಿಡಿಸಿತು. ಆಕಾಶದಿಂದ ಬಂದ ಒಂದು ಎಲೆಕ್ಟ್ರಾನು ಗಾಳಿಯ ಪರಮಾಣುವಿನ ಬಳಿ ಹಾಯುವಾಗ ಬೆಳಕಿನ ಕಣವೊಂದನ್ನು ಹೊರಚೆಲ್ಲುತ್ತದೆ. ಆ ಕಣವು ಎಲೆಕ್ಟ್ರಾನು ಪಾಸಿಟ್ರಾನುಗಳ ಜೋಡಿಯಾಗಿ ಮಾರ್ಪಡುತ್ತದೆ. ಆ ಜೋಡಿಯು ಮತ್ತೆ ಬೆಳಕಿನ ಕಣಗಳನ್ನು ಚೆಲ್ಲುತ್ತದೆ. ಹೀಗೆ ಒಂದು ನೂರಾಗಿ, ನೂರು ಸಾವಿರವಾಗಿ ನೆಲಕ್ಕೆ ಮಳೆಗರೆಯುತ್ತದೆ. ಮೆಟ್ರಿಕ್ಯುಲೇಷನ್ನಿನ ಗಣಿತವನ್ನಷ್ಟೇ ಬಲ್ಲ ನಮಗೆ ಇದಕ್ಕಿಂತ ಹೆಚ್ಚಾಗಿ ವಿವರಿಸುವ ಯೋಗ್ಯತೆಯಿಲ್ಲ. ಈ ಕಾರ್ಯವನ್ನು ಮಾಡಿದವರಲ್ಲಿ ಒಬ್ಬರು ಪರಾಧೀನ ಭಾರತದಿಂದ ಬಂದವರು, ಇನ್ನೊಬ್ಬರು ಜರ್ಮನಿಯನ್ನು ತೊರೆದು ಇಂಗ್ಲೆಂಡಿನಲ್ಲಿ ಆಶ್ರಯ ಪಡೆದವರು. ಅಂದಿನ ಸಹಕಾರವು ಇಂಥದು: ಒಂದು ವಿದ್ಯಾರ್ಥಿವೇತನ, ಗುರುವಿಗೊಂದು ಪರಿಚಯಪತ್ರ, ರೈಲಿನ ಟಿಕೆಟ್ಟು, ಇಷ್ಟಿದ್ದರೆ ಸಾಕು. ಸರ್ಕಾರಗಳ ಗೊಡವೆ ಅದರಲ್ಲಿ ಅಷ್ಟಾಗಿ ಇರಲಿಲ್ಲ.

1939ರಲ್ಲಿ ಅವರು ರಜೆಯ ಮೇಲೆ ಸ್ವದೇಶಕ್ಕೆ ಬಂದಿದ್ದಾಗ ಮಹಾಯುದ್ಧವು ಆರಂಭವಾಗಿ ಹಿಂದಿರುಗುವ ದಾರಿ ಮುಚ್ಚಿಹೋಯಿತು. ಸರ್ ಸಿ. ವಿ. ರಾಮನ್‌ರವರು ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅವರಿಗೆ ನೆಲೆ ದೊರೆಯಿತು. ಅದೇ ಚಳಿಗಾಲದಲ್ಲಿ ಅಮೆರಿಕದ ಮಿಲಿಕನ್‌ರವರು ತಮ್ಮ ಸಂಗಡಿಗರೊಡನೆ ಭಾರತಕ್ಕೆ ಬಂದು, ಬೆಂಗಳೂರು, ಆಗ್ರಾ, ಪೆಷಾವರಗಳಿಂದ ವಿಶ್ವಕಿರಣಗಳನ್ನಳೆಯುವ ಬಲೂನುಗಳನ್ನು ಹಾರಿಬಿಟ್ಟರು. ಬೆಂಗಳೂರು ಭೂಕಾಂತದ ವಿಷುವದ್ರೇಖೆಗೆ ಸಮೀಪದಲ್ಲಿರುವುದರಿಂದ ಇಲ್ಲಿ ದೊರೆಯುವ ಅಳತೆಯು ಯೂರೋಪಿನಲ್ಲಿಯಾಗಲಿ ಅಮೆರಿಕದಲ್ಲಿಯಾಗಲಿ ದೊರೆಯಲಾರದು. ಹೊರಗಿನವರಲ್ಲಿ ಇಲ್ಲದ ಒಂದು ವಸ್ತುವು ನಮ್ಮ ನೆಲಕ್ಕೇ ಸಹಜವಾಗಿ ಇದೆ, ಅದನ್ನು ನಾವೇ ಉಪಯೋಗಿಸಿಕೊಳ್ಳದಿದ್ದರೆ ಅನ್ಯರು ಬಂದು ಅಳೆದುಕೊಂಡು ಹೋಗುವರು ಎಂಬುದು ಭಾಭಾರವರ ಮನಸ್ಸಿಗೆ ಇಲ್ಲಿಯೇ ಹೊಳೆದಿರಬೇಕೆಂದು ನಮ್ಮ ಊಹೆ. ಯುದ್ಧಕಾಲದಲ್ಲಿ ಬೆಂಗಳೂರಿನಿಂದ ಅಮೆರಿಕದ ವಾಯುಸೇನೆಯ ವಿಮಾನಗಳಲ್ಲಿ ಅವರು ತಮ್ಮ ಉಪಕರಣಗಳನ್ನು ಮೇಲಕ್ಕೆ ಕಳುಹಿಸಿ ಅಳತೆ ಮಾಡಿಸಿದುದೂ ಉಂಟು.

ಹಿಂದಿರುಗುವ ಆಸೆಯು ಕ್ರಮೇಣ ಬತ್ತಿತು. 1944ನೆಯ ಮಾರ್ಚ್ 12ರಂದು ಅವರು ಸರ್ ದೊರಾಬ್ಜಿ ತಾತಾ ಧರ್ಮನಿಧಿಗೆ ಬರೆದ ಪತ್ರದಲ್ಲಿ, ಭೌತಶಾಸ್ತ್ರದ ಮೂಲಸಂಶೋಧನೆಗಾಗಿ ಪ್ರಥಮ ದರ್ಜೆಯ ಶಾಲೆಯೊಂದನ್ನು ದೇಶದಲ್ಲಿಯೇ ಕಟ್ಟಬೇಕೆಂದೂ, ಅಣುಶಕ್ತಿಯು ಬಳಕೆಗೆ ಬರುವ ದಿನದಂದು ಭಾರತವು ಪರಿಣತರಿಗಾಗಿ ಹೊರಗೆ ಕಣ್ಣುಹಾಯಿಸುವಂತಾಗಬಾರದೆಂದೂ ಸೂಚಿಸಿದರು. ಹಿರೊಷಿಮಾದ ಮೇಲೆ ಬಾಂಬು ಬೀಳುವುದಕ್ಕೆ ಒಂದೂವರೆ ವರ್ಷ ಮೊದಲಿನ ಮಾತಿದು. 1945ರ ಜೂನ್ ತಿಂಗಳಿನಲ್ಲಿ ತಾತಾ ಮೂಲಸಂಶೋಧನಾ ಸಂಸ್ಥೆಯು ಬೆಂಗಳೂರಿನಲ್ಲಿಯೇ ಕಾರ್ಯಾರಂಭ ಮಾಡಿ, ಆ ವರ್ಷದ ಕೊನೆಯಲ್ಲಿ ಮುಂಬಯಿಗೆ ಸ್ಥಳಾಂತರ ಹೊಂದಿತು. ಆರಂಭದ ಹಣವು ಧರ್ಮನಿಧಿಯಿಂದಲೂ ಮುಂಬಯಿ ಸರ್ಕಾರದಿಂದಲೂ ಬಂದಿತಾದರೂ, ವರ್ಷಗಳು ಕಳೆದಂತೆ ವೆಚ್ಚದ ಬಹುಪಾಲನ್ನು ಭಾರತ ಸರ್ಕಾರವೇ ವಹಿಸಿತು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರ ಆಗಸ್ಟಿನಲ್ಲಿ, ಅಣುಶಕ್ತಿ ಆಯೋಗವು ಏರ್ಪಟ್ಟು ಭಾಭಾರವರು ಅದರ ಅಧ್ಯಕ್ಷರಾದರು. 1954ರಲ್ಲಿ ಅದಕ್ಕಾಗಿಯೇ ಪ್ರತ್ಯೇಕ ಇಲಾಖೆಯೊಂದು ಸ್ಥಾಪಿತವಾಗಿ ಅದರ ಕಾರ್ಯದರ್ಶಿತ್ವವೂ ಅವರ ಪಾಲಿಗೆ ಬಂದಿತು. ಪ್ರಧಾನಮಂತ್ರಿ ನೆಹರೂರವರಿಗೂ ಅವರಿಗೂ ನಡುವೆ ಇನ್ನೊಬ್ಬರ ಪ್ರವೇಶವಿರಲಿಲ್ಲ.

1955ರ ಆಗಸ್ಟಿನಲ್ಲಿ ಅಣುಶಕ್ತಿಯ ಶಾಂತಿಯುತ ಬಳಕೆಯನ್ನು ಕುರಿತು ವಿಶ್ವಸಂಸ್ಥೆಯು ಜಿನೀವಾದಲ್ಲಿ ನೆರೆಯಿಸಿದ ಮಹಾಸಭೆಗೆ ಭಾಭಾರವರು ಅಧ್ಯಕ್ಷರಾಗಿ ಆಯ್ಕೆಗೊಂಡರು. ಎಪ್ಪತ್ತಕ್ಕೂ ಹೆಚ್ಚು ರಾಷ್ಟ್ರಗಳು ಅಲ್ಲಿ ಸೇರಿದ್ದುವು. ಯುದ್ಧಕಾಲದಿಂದಲೂ ಬೀಗಮುದ್ರೆಯಲ್ಲಿದ್ದ ಕಾಗದಪತ್ರಗಳನ್ನು ಅಮೆರಿಕ, ಬ್ರಿಟನ್, ರಷ್ಯಾ, ಫ್ರಾನ್ಸ್ ದೇಶಗಳವರು ಆ ಸಭೆಯಲ್ಲಿ ಬಿಚ್ಚಿಟ್ಟರು. ಪರಸ್ಪರ ಮುಖವನ್ನೇ ಕಾಣದಿದ್ದ ಪಂಡಿತರು ತಾವು ಬೇರೆಬೇರೆಯಾಗಿ ಗುಟ್ಟಾಗಿ ಅಳೆದಿದ್ದ ಅಂಕಿಗಳು ಒಂದೇ ಆಗಿದ್ದುದನ್ನು ಕಂಡರು. ಅಧ್ಯಕ್ಷಭಾಷಣದಲ್ಲಿ ಭಾಭಾರವರು, ಸೂರ್ಯನಲ್ಲಿ ನಡೆಯುವಂತೆ ಪರಮಾಣುಗಳನ್ನು ಕೂಡಿಸಿ ಶಕ್ತಿಯನ್ನು ಪಡೆಯುವ ವಿಧಾನವು ಇಪ್ಪತ್ತು ವರ್ಷಗಳಲ್ಲಿ ಕೈಗೂಡುವುದೆಂದು ಭವಿಷ್ಯ ನುಡಿದರು. ಎಪ್ಪತ್ತು ವರ್ಷಗಳು ಕಳೆದರೂ ಅದು ಬಳಕೆಗೆ ಬಂದಿಲ್ಲ. ಆದರೆ ಅದಕ್ಕಾಗಿ ಫ್ರಾನ್ಸಿನ ಕಾದರಾಷ್ ಎಂಬಲ್ಲಿ ಏಳು ಪಾಲುದಾರರು ಕೂಡಿ ಕಟ್ಟುತ್ತಿರುವ ಈಟರ್ ಯಂತ್ರದಲ್ಲಿ, 2006ರ ಒಪ್ಪಂದದಂತೆ, ಭಾರತವೂ ಒಂದು ಪಾಲುದಾರ. ಆ ಯಂತ್ರವನ್ನು ಸುತ್ತುವರಿಯುವ ಬೃಹತ್ ಉಕ್ಕಿನ ಕವಚವು ಗುಜರಾತಿನ ಹಜೀರಾದಲ್ಲಿ ತಯಾರಾಗಿ ಹಡಗಿನಲ್ಲಿ ಹೋದುದು. ಭವಿಷ್ಯವಾಣಿ ತಪ್ಪಿತು, ಪಾಲುಗಾರಿಕೆಯು ನಿಂತಿತು.

ಜಿನೀವಾ ಸಭೆಯ ಮರುವರ್ಷ, 1956ನೆಯ ಆಗಸ್ಟ್ 4ರಂದು, ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರು ಚಾಲನೆಗೊಂಡಿತು. ಅದರ ಇಂಧನವು ಬ್ರಿಟನ್ನಿನದು. ಉಳಿದುದೆಲ್ಲ ಇಲ್ಲಿಯವರೇ ಕಟ್ಟಿದುದು. ಅದರ ಹಿಂದೆಯೇ ಕೊಲಂಬೊ ಯೋಜನೆಯ ಮೂಲಕ ಕೆನಡಾ ದೇಶವು ದೊಡ್ಡ ರಿಯಾಕ್ಟರೊಂದನ್ನು ಕೊಟ್ಟಿತು. ಅದಕ್ಕೆ ಬೇಕಾದ ಭಾರಜಲವು ಅಮೆರಿಕದಿಂದ ಬಂದಿತು. ಕೆನಡಾದ ಅಣುವಿಜ್ಞಾನಕ್ಕೆ ಮುಂದಾಳಾಗಿದ್ದ ಲೂಯಿಸ್‌ರವರು ಭಾಭಾರವರಿಗೆ ಕೇಂಬ್ರಿಜಿನ ಕಾಲದಿಂದ ಪರಿಚಿತರು. 1960ರಲ್ಲಿ ಅದು ಚಾಲನೆಗೊಂಡಿತು. ಇಂಧನದ ಒಂದು ಪಾಲನ್ನು ಟ್ರಾಂಬೆಯಲ್ಲಿಯೇ ತಯಾರಿಸಿಕೊಳ್ಳುವ ಏರ್ಪಾಡನ್ನು ಭಾಭಾರವರು ಹಟಹಿಡಿದು ಮಾಡಿದರು.

ಇಲ್ಲಿ ಒಂದು ಕಹಿ ಸಂಗತಿಯನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. 1956ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ನಿಬಂಧನೆಗಳನ್ನು ಗೊತ್ತುಮಾಡುವಾಗ, ಬಾಂಬುಗಳನ್ನು ರಾಶಿ ಹಾಕಿಕೊಂಡಿರುವ ರಾಷ್ಟ್ರಗಳಿಗೆ ತಪಾಸಣೆಯಿಲ್ಲದೆ, ನೆರವು ಬೇಡಿ ಬರುವ ಬಡರಾಷ್ಟ್ರಗಳಿಗೆ ಮಾತ್ರ ತಪಾಸಣೆ ವಿಧಿಸುವುದು ಸಲ್ಲದೆಂದು ಭಾಭಾರವರು ಬಲವಾಗಿ ವಾದಿಸಿದರು. ಆ ವಾದದಲ್ಲಿ ನ್ಯಾಯವಿತ್ತು. ಆದರೆ ಕೆನಡಾದ ರಿಯಾಕ್ಟರನ್ನು ಶಾಂತಿಕಾರ್ಯಕ್ಕೆ ಮಾತ್ರ ಬಳಸುವೆವೆಂದು ಮಾತು ಕೊಟ್ಟಿದ್ದುದೂ ದಿಟವೇ. 1964ರಲ್ಲಿ ಚೀನಾ ದೇಶವು ಬಾಂಬನ್ನು ಸಿಡಿಸಿದ ಕೆಲವೇ ದಿನಗಳಲ್ಲಿ ಭಾಭಾರವರು ಆಕಾಶವಾಣಿಯಲ್ಲಿ ಮಾತನಾಡುತ್ತ ಅಂಥ ಬಾಂಬಿಗೆ ತಗಲುವ ವೆಚ್ಚವು ಬಹಳ ಅಲ್ಪವೆಂದು ಲೆಕ್ಕ ಹೇಳಿದರು. ಆ ಲೆಕ್ಕವನ್ನು ಅನೇಕರು ಒಪ್ಪಲಿಲ್ಲ. ಅವರು ತೀರಿಕೊಂಡ ಎಂಟು ವರ್ಷಗಳ ಮೇಲೆ, 1974ರ ಮೇ ತಿಂಗಳಿನಲ್ಲಿ ಪೋಖ್ರಾನಿನಲ್ಲಿ ಸಿಡಿದ ಸಾಧನದ ಪ್ಲುಟೋನಿಯಮ್ಮು ಆ ರಿಯಾಕ್ಟರಿನಿಂದಲೇ ಬಂದುದು. ಅದು ಶಾಂತಿಯ ಸಿಡಿತವೆಂದು ನಮ್ಮ ಸರ್ಕಾರ ಹೇಳಿತು; ಕೆನಡಾ ಒಪ್ಪದೆ ಕೈ ಹಿಂದೆಗೆಯಿತು. ಸ್ವಾಭಿಮಾನಿಯಾದ ರಾಷ್ಟ್ರವು ತನ್ನ ರಕ್ಷಣೆಯ ನಿರ್ಧಾರವನ್ನು ತಾನೇ ಮಾಡತಕ್ಕದ್ದೆಂಬುದರಲ್ಲಿ ನಮಗೆ ಸಂದೇಹವಿಲ್ಲವಾದರೂ, ಮಿತ್ರನ ಕೊಡುಗೆಯನ್ನು ಅವನ ಮನಸ್ಸಿಗೆ ವಿರೋಧವಾಗಿ ಬಳಸಿದುದರ ಬೆಲೆಯನ್ನು ನಮ್ಮ ವಿಜ್ಞಾನಿಗಳು ದಶಕಗಳ ಕಾಲ ತೆರಬೇಕಾಯಿತು.

ಇನ್ನೊಂದು ಆಕ್ಷೇಪಣೆಯೂ ಉಂಟು. ಜಿನೀವಾದಲ್ಲಿ ಜ್ಞಾನದ ಬಾಗಿಲುಗಳನ್ನು ತೆರೆಯಿಸಿದವರು ಸ್ವದೇಶದಲ್ಲಿ ಅಣುಶಕ್ತಿ ಇಲಾಖೆಯ ಬಾಗಿಲನ್ನು ಕಾನೂನಿನ ಮೂಲಕ ಭದ್ರವಾಗಿ ಮುಚ್ಚಿಕೊಂಡರು. ಕಲ್ಕತ್ತೆಯ ಮೇಘನಾದ ಸಹಾರವರು ಇದನ್ನೂ, ವಿಶ್ವವಿದ್ಯಾಲಯಗಳನ್ನು ಬದಿಗಿಟ್ಟು ಪ್ರತ್ಯೇಕ ಸಂಸ್ಥೆಗಳಿಗೆ ಹಣವನ್ನು ಹರಿಯಿಸುವುದನ್ನೂ ಬಹಿರಂಗವಾಗಿ ಖಂಡಿಸಿದರು. ಸಹಾರವರ ಮಾತನ್ನು ಅಸೂಯೆಯೆಂದು ತಳ್ಳಿಹಾಕುವವರಿದ್ದಾರೆ. ನಾವು ಹಾಗೆ ಮಾಡಲಾರೆವು. ಪ್ರಜೆಗಳ ತೆರಿಗೆಯಿಂದ ನಡೆಯುವ ಸಂಶೋಧನೆಯ ಲೆಕ್ಕವನ್ನು ಪ್ರಜೆಗಳು ಕೇಳಬಾರದೆಂದರೆ ಹೇಗೆ?

ಕೋಲಾರದ ಕಾರ್ಯದಲ್ಲಿ ಈ ಯಾವ ಕಲ್ಮಷವೂ ಇರಲಿಲ್ಲ. 1950ರ ಸುಮಾರಿನಲ್ಲಿ ಭಾಭಾರವರು ತಮ್ಮ ಸಂಸ್ಥೆಯ ಎಳೆಯ ಸಂಶೋಧಕರಾಗಿದ್ದ ಬಿ. ವಿ. ಶ್ರೀಕಂಠನ್‌ರವರನ್ನು ಕರೆದು, ಗಣಿಯೊಳಗೆ ಇಳಿದು ವಿಶ್ವಕಿರಣಗಳು ಎಷ್ಟು ಆಳದವರೆಗೆ ತೂರಿಹೋಗುವುವೆಂದು ಅಳೆಯಹೇಳಿದರು. ಶ್ರೀಕಂಠನ್‌ರವರು ಮೈಸೂರು ಸೀಮೆಯ ನಂಜನಗೂಡಿನವರು. ಮುಂದೆ ಆ ಸಂಸ್ಥೆಗೇ ನಿರ್ದೇಶಕರಾದವರು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೂ ಅನಂತರ ಕೇಂದ್ರಸರ್ಕಾರದ ವಶಕ್ಕೂ ಬಂದುದರಿಂದ, ಪ್ರಯೋಗಶಾಲೆಯೂ ಗಣಿಯೂ ಎರಡೂ ಸಾರ್ವಜನಿಕರ ಸೊತ್ತಾದುವು. ಮ್ಯೂಯಾನ್ ಎಂಬ ಕಣಗಳು ಬಂಡೆಯನ್ನು ಕೊರೆದುಕೊಂಡು ಇಳಿಯುತ್ತ ಇಳಿಯುತ್ತ ಕಡಮೆಯಾಗುತ್ತವೆ. ಎರಡು ಮುಕ್ಕಾಲು ಕಿಲೋಮೀಟರಿನ ಆಳದಲ್ಲಿ ಎರಡು ತಿಂಗಳು ಕಾದರೂ ಒಂದು ಕಣವೂ ಉಪಕರಣಕ್ಕೆ ಸಿಕ್ಕಲಿಲ್ಲ. ಸಾಮಾನ್ಯರು ಇದನ್ನು ವಿಫಲ ಪ್ರಯೋಗವೆಂದು ಬಿಟ್ಟುಬಿಡುತ್ತಿದ್ದರು. ವಿಜ್ಞಾನಿಗಳಿಗಾದರೋ ಅದೇ ಶುಭವಾರ್ತೆಯಾಯಿತು. ಅಷ್ಟು ನಿಶ್ಶಬ್ದವಾದ ತಾಣದಲ್ಲಿ, ಬಂಡೆಯನ್ನೂ ಭೂಗೋಳವನ್ನೂ ಲೆಕ್ಕಿಸದೆ ಹಾಯುವ ನ್ಯೂಟ್ರಿನೊ ಎಂಬ ಕಣವು ಎಂದಾದರೊಮ್ಮೆ ಬಂಡೆಗೆ ತಗುಲಿ ಒಂದು ಮ್ಯೂಯಾನನ್ನು ಚಿಮ್ಮಿಸಿದರೆ ಅದನ್ನು ಗುರುತಿಸುವುದು ಸಾಧ್ಯವಷ್ಟೆ.

ಮುಂಬಯಿಯ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯ, ಈ ಮೂರೂ ಈ ಕಾರ್ಯಕ್ಕೆ ಕೈಗೂಡಿಸಿದುವು. ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 7,600 ಅಡಿಗಳ ಆಳದಲ್ಲಿ, ಪಕ್ಕದಿಂದ ಬರುವ ಕಣಗಳನ್ನು ಹಿಡಿಯುವಂತೆ ಗೋಡೆಗೋಡೆಯಾಗಿ ಉಪಕರಣಗಳನ್ನು ನಿಲ್ಲಿಸಿದರು. ಕಣವು ಹಾಯ್ದ ದಾರಿಯಲ್ಲಿ ಮಿನುಗುವ ನಿಯಾನ್ ನಳಿಕೆಗಳ ವಿದ್ಯೆಯಲ್ಲಿ ಡರ್ಹಾಮಿನವರು ನುರಿತವರು. ಗಣಿಯ ಸೆಕೆಯಲ್ಲಿ, ತೊಟ್ಟಿಲಿನಲ್ಲಿ ಇಳಿಯುವ ಕೆಲಸಗಾರರೊಡನೆ ತಾವೂ ಇಳಿದು, ತಿಂಗಳುಗಟ್ಟಲೆ ಕಾದ ಮೇಲೆ ಕಂಡ ಗುರುತುಗಳು ಬೆರಳಿನಲ್ಲಿ ಎಣಿಸುವಷ್ಟು. 1965ರ ಆಗಸ್ಟಿನಲ್ಲಿ ಅದರ ವಿವರವು ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಅಮೆರಿಕದ ರೈನ್ಸ್‌ರವರ ತಂಡವು ಇಂಥದೇ ಫಲವನ್ನು ಪಡೆದು ಅದೇ ತಿಂಗಳಿನ ಕೊನೆಯಲ್ಲಿ ಪ್ರಕಟಿಸಿತು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಮನುಷ್ಯನು ಕಂಡದ್ದು ಅದೇ ಮೊದಲು. ಇದರಲ್ಲಿ ಯಾರು ಯಾರಿಗೂ ಋಣಿಗಳಾಗಲಿಲ್ಲ. ಗಣಿ ನಮ್ಮದು, ಹದಿನೈದು ವರ್ಷಗಳ ಅಳತೆ ನಮ್ಮದು. ಅವರವರ ಕೌಶಲ ಅವರವರದು. ಇದೇ ಕಾಲದಲ್ಲಿ, 1963ರ ನವೆಂಬರಿನಲ್ಲಿ, ಭಾಭಾರವರ ಇಲಾಖೆಯ ಆಶ್ರಯದಲ್ಲಿಯೇ ವಿಕ್ರಮ ಸಾರಾಭಾಯಿಯವರು ಕೇರಳದ ತುಂಬಾ ಗ್ರಾಮದಿಂದ ಹಾರಿಸಿದ ಮೊದಲ ರಾಕೆಟ್ಟು ಅಮೆರಿಕದ್ದು, ಅದರೊಳಗಿನ ಸಾಮಗ್ರಿ ಫ್ರಾನ್ಸಿನದು. ಭೂಕಾಂತದ ವಿಷುವದ್ರೇಖೆಯು ಅಲ್ಲಿಯೇ ಹಾಯುವುದಾದ್ದರಿಂದ ನೆಲ ಮಾತ್ರ ನಮ್ಮದೇ ಆಗಬೇಕಾಗಿತ್ತು.

ಕೋಲಾರದ ಫಲವು ಪ್ರಕಟವಾಗಿ ಆರು ತಿಂಗಳೂ ಕಳೆದಿರಲಿಲ್ಲ. 1966ನೆಯ ಜನವರಿ 24ರಂದು ಭಾಭಾರವರು ವಿಯೆನ್ನಾ ನಗರದಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸಭೆಗೆ ಹೋಗುತ್ತಿದ್ದಾಗ, ಅವರಿದ್ದ ಏರ್ ಇಂಡಿಯಾ ವಿಮಾನವು ಆಲ್ಪ್ಸ್ ಪರ್ವತದ ಮೋಂ ಬ್ಲಾಂ ಶಿಖರಕ್ಕೆ ಬಡಿದು 117 ಮಂದಿಯೂ ಮಡಿದರು. ಇದು ಶತ್ರುಗಳ ಕೃತ್ಯವೆಂಬ ವದಂತಿಯು ಇಂದಿಗೂ ಆಗಾಗ ಹಬ್ಬುತ್ತಿದೆ; ಅದಕ್ಕೆ ಆಧಾರವಿಲ್ಲ. ವಿಮಾನದ ಸ್ಥಾನವನ್ನು ಕುರಿತು ಜಿನೀವಾದ ನಿಯಂತ್ರಕರಿಗೂ ಚಾಲಕರಿಗೂ ನಡುವೆ ಆದ ತಪ್ಪುಗ್ರಹಿಕೆಯೇ ಕಾರಣವೆಂದು ವಿಚಾರಣೆಯಲ್ಲಿ ಕಂಡುಬಂದಿತು. ಆಗ ಅವರಿಗೆ ಐವತ್ತಾರು ವರ್ಷ, ವಿವಾಹವಾಗಿರಲಿಲ್ಲ. 1967ರಲ್ಲಿ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು. ಕೋಲಾರದ ತಳದಲ್ಲಿ ಜಪಾನಿನವರೊಡನೆ ಪ್ರಯೋಗಗಳು 1990ರ ದಶಕದ ಮೊದಲ ವರ್ಷಗಳವರೆಗೂ ಸಾಗಿದುವು. 2001ರಲ್ಲಿ ಗಣಿಯನ್ನು ಮುಚ್ಚಿದರು.