ಸುರಕ್ಷಾ ಕವಾಟದ ಜನಕ ಡೆನಿಸ್ ಪ್ಯಾಪಿನ್

ದಾವಣಗೆರೆಯು ಇಪ್ಪತ್ತನೆಯ ಶತಮಾನದಲ್ಲಿ ಹತ್ತಿ ಗಿರಣಿಗಳ ಊರೆಂದು ಹೆಸರಾಯಿತು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದೂ ಅದಕ್ಕೆ ದೊರೆಯಿತು. ಅಲ್ಲಿಂದ ಸುಮಾರು 14 ಕಿಲೋಮೀಟರು ದೂರದಲ್ಲಿ, ತುಂಗಭದ್ರೆಯ ದಡದಲ್ಲಿರುವ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪನೆಯಾಗಿ ಲೇತು ಯಂತ್ರಗಳನ್ನು ತಯಾರಿಸಿತು. 1970ರ ದಶಕದಲ್ಲಿ ಹೊಳೆಯಾಚೆಯ ಕುಮಾರಪಟ್ಟಣದಲ್ಲಿ ಮರದ ತಿರುಳು ಮತ್ತು ಕೃತಕ ನಾರಿನ ಕಾರ್ಖಾನೆಗಳು ತಲೆಯೆತ್ತಿದವು. ದಾವಣಗೆರೆಯ ಹಳೆಯ ಗಿರಣಿಗಳಲ್ಲಿ ಬಹುಪಾಲು ಮುಚ್ಚಿಹೋಗಿವೆ. ಹರಿಹರದ ಆ ಲೇತು ಕಾರ್ಖಾನೆಯೂ ಈಗ ಇಲ್ಲ. ಆದರೆ ಉಗಿಯನ್ನೂ ಅನಿಲವನ್ನೂ ಒತ್ತಡದಲ್ಲಿ ಹಿಡಿದಿಟ್ಟು ದುಡಿಸಿಕೊಳ್ಳುವ ವಿದ್ಯೆ ನಮ್ಮನ್ನು ಬಿಟ್ಟುಹೋಗಿಲ್ಲ. ಬೆಣ್ಣೆದೋಸೆಯ ಕೆಲವು ಹೋಟೆಲುಗಳಲ್ಲಿ ಇಂದಿಗೂ ಸೌದೆಯ ಒಲೆ ಉರಿಯುತ್ತದೆಯಾದರೂ ಮನೆಮನೆಗಳಲ್ಲಿ ಅನಿಲದ ಸಿಲಿಂಡರು ಬಂದು ನಿಂತಿದೆ. ಒಲೆಯ ಮೇಲಿನ ಕುಕ್ಕರು ದಿನಕ್ಕೆರಡು ಬಾರಿ ಕೂಗುತ್ತದೆ.

ಕುಕ್ಕರಿನ ಮುಚ್ಚಳದ ಮೇಲಿರುವ ಪುಟ್ಟ ತೂಕವನ್ನು ನಾವು ಗಮನಿಸುವುದೇ ಇಲ್ಲ. ಒಳಗಿನ ಒತ್ತಡವು ಮಿತಿಮೀರಿದಾಗ ಅದು ಮೇಲೆದ್ದು ಉಗಿಗೆ ದಾರಿ ಬಿಡುತ್ತದೆ. ಒತ್ತಡ ಇಳಿದೊಡನೆ ಮತ್ತೆ ಕುಳಿತುಕೊಳ್ಳುತ್ತದೆ. ಅನಿಲದ ದೊಡ್ಡ ಟ್ಯಾಂಕುಗಳ ಮೇಲಿರುವ ಸುರಕ್ಷಾ ಕವಾಟವೂ ಇದೇ ತತ್ತ್ವವನ್ನು ಅನುಸರಿಸುತ್ತದೆ. ಈ ಉಪಾಯವನ್ನು ಲೋಕಕ್ಕೆ ಕೊಟ್ಟವನು ಫ್ರಾನ್ಸ್ ದೇಶದ ಡೆನಿಸ್ ಪ್ಯಾಪಿನ್.

ಪ್ಯಾಪಿನನು 1647ರ ಆಗಸ್ಟ್ 22ರಂದು ಫ್ರಾನ್ಸಿನ ಬ್ಲ್ವಾ ಪಟ್ಟಣದ ಸಮೀಪದಲ್ಲಿ ಜನಿಸಿದನು. ಆತನದು ಪ್ರಾಟೆಸ್ಟಂಟ್ ಪಂಥದ ಕುಟುಂಬ. ವೈದ್ಯಶಾಸ್ತ್ರವನ್ನು ಓದಿ 1669ರಲ್ಲಿ ಪದವಿ ಪಡೆದನಾದರೂ ಆತನ ಮನಸ್ಸು ರೋಗಿಗಳ ನಾಡಿಗಿಂತ ಯಂತ್ರಗಳ ಕಡೆಗೇ ಹರಿಯುತ್ತಿತ್ತು. ಪ್ಯಾರಿಸಿನಲ್ಲಿ ಪ್ರಸಿದ್ಧ ವಿಜ್ಞಾನಿ ಹೈಗೆನ್ಸನಿಗೆ ಸಹಾಯಕನಾದನು. ಅಲ್ಲಿಯೇ ತತ್ತ್ವಜ್ಞಾನಿ ಲೈಬ್ನಿಟ್ಸನ ಪರಿಚಯವಾಯಿತು. 1675ರಲ್ಲಿ ಲಂಡನ್ನಿಗೆ ತೆರಳಿದ ಆತನು ಅನಿಲಗಳ ಒತ್ತಡವನ್ನು ಕುರಿತು ಸಂಶೋಧನೆ ನಡೆಸುತ್ತಿದ್ದ ರಾಬರ್ಟ್ ಬಾಯ್ಲನ ಬಳಿ ಕೆಲಸಕ್ಕೆ ಸೇರಿದನು.

ಲಂಡನ್ನಿನಲ್ಲಿದ್ದಾಗ ಆತನ ಗಮನ ಅಡುಗೆಮನೆಯ ಒಂದು ಸಂಗತಿಯ ಮೇಲೆ ನೆಟ್ಟಿತು. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ ತಲುಪಿ ಕುದಿಯತೊಡಗಿದರೆ, ಎಷ್ಟೇ ಉರಿಯೊಡ್ಡಿದರೂ ಅದರ ಶಾಖ ಮುಂದಕ್ಕೆ ಏರದು. ಆದರೆ ಪಾತ್ರೆಯನ್ನು ಭದ್ರವಾಗಿ ಮುಚ್ಚಿದರೆ ಉಗಿಯ ಒತ್ತಡ ಹೆಚ್ಚುವುದರಿಂದ ನೀರು ಇನ್ನೂ ಬಿಸಿಯಾಗುತ್ತದೆ. ಆ ಶಾಖದಲ್ಲಿ ಗಟ್ಟಿ ಮೂಳೆಗಳೂ ಮೆತ್ತಗಾಗಿ ಸಾರವನ್ನು ಬಿಡುತ್ತವೆ. ಎಸೆಯುವ ಮೂಳೆಗಳಿಂದ ಬಡವರಿಗೆ ಪುಷ್ಟಿಕರ ಆಹಾರ ದೊರೆಯಬಹುದೆಂದು ಪ್ಯಾಪಿನನು ಆಶಿಸಿದನು. 1679ರಲ್ಲಿ ಆತನು ಇಂತಹ ಪಾತ್ರೆಯೊಂದನ್ನು ನಿರ್ಮಿಸಿ ರಾಯಲ್ ಸೊಸೈಟಿಯ ವಿದ್ವಾಂಸರ ಮುಂದೆ ಪ್ರದರ್ಶಿಸಿದನು. 1682ರಲ್ಲಿ ಸೊಸೈಟಿಯ ಸದಸ್ಯರಿಗೆ ಆ ಪಾತ್ರೆಯಲ್ಲಿ ಬೇಯಿಸಿದ ಪದಾರ್ಥಗಳಿಂದಲೇ ಔತಣವನ್ನು ಏರ್ಪಡಿಸಲಾಯಿತು. ಇಂದಿನ ಕುಕ್ಕರಿನ ಮೂಲರೂಪ ಇದೇ.

ಆದರೆ ಮುಚ್ಚಿದ ಪಾತ್ರೆಯಲ್ಲಿ ಒಂದು ಮಹಾಭಯ ಅಡಗಿತ್ತು. ಉರಿ ಸ್ವಲ್ಪ ಹೆಚ್ಚಾದರೂ ಪಾತ್ರೆ ಸಿಡಿದು ಸುತ್ತಲಿನವರ ಪ್ರಾಣಕ್ಕೆ ಎರವಾಗಬಹುದಾಗಿತ್ತು. ಗಟ್ಟಿಯಾದ ಪಾತ್ರೆಯನ್ನು ಮಾಡಿದರಷ್ಟೇ ಸಾಲದು. ಎಂತಹ ಲೋಹಕ್ಕೂ ಒಂದು ಮಿತಿಯುಂಟು. ಆದ್ದರಿಂದ ಪ್ಯಾಪಿನನು ಮುಚ್ಚಳದಲ್ಲಿ ಚಿಕ್ಕ ರಂಧ್ರವೊಂದನ್ನು ಮಾಡಿ, ಅದರ ಮೇಲೆ ಬಿರಡೆಯನ್ನಿಟ್ಟು, ಆ ಬಿರಡೆಯನ್ನು ಒಂದು ಸನ್ನೆಯಿಂದ ಅದುಮಿ, ಸನ್ನೆಯ ತುದಿಗೆ ತೂಕವನ್ನು ತೂಗುಹಾಕಿದನು. ನಿಗದಿಯಾದ ಮಿತಿಯನ್ನು ದಾಟಿದ ಉಗಿಯು ತೂಕವನ್ನೆತ್ತಿ ತಾನಾಗಿ ಹೊರಬೀಳುತ್ತಿತ್ತು. ಮನುಷ್ಯನು ಮೈಮರೆತರೂ ಯಂತ್ರವು ಎಚ್ಚರವಾಗಿರುವಂತೆ ಆತನು ಮಾಡಿದನು.

ಪ್ಯಾಪಿನನ ಮುಂದಿನ ಬಾಳು ಸುಖದ್ದಾಗಿರಲಿಲ್ಲ. 1685ರಲ್ಲಿ ಫ್ರಾನ್ಸಿನ ದೊರೆಯು ಪ್ರಾಟೆಸ್ಟಂಟರಿಗಿದ್ದ ಧಾರ್ಮಿಕ ಸ್ವಾತಂತ್ರ್ಯವನ್ನು ಕಸಿದುಕೊಂಡನು. ತಾಯ್ನಾಡಿನ ಬಾಗಿಲು ಆತನಿಗೆ ಮುಚ್ಚಿತು. ಜರ್ಮನಿಯ ಮಾರ್ಬರ್ಗಿನಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದಾಗ, 1690ರಲ್ಲಿ, ಉಗಿಯ ಬಲದಿಂದ ಕೊಳವೆಯೊಳಗೆ ಕೊಂತವನ್ನು ಆಡಿಸುವ ಯಂತ್ರವೊಂದರ ಕಲ್ಪನೆಯನ್ನು ಪ್ರಕಟಿಸಿದನು. ಮುಂದೆ ಕಾಸೆಲ್ ಪಟ್ಟಣದಲ್ಲಿ ಅಲ್ಲಿನ ಅರಸ ಕಾರ್ಲನ ಆಶ್ರಯದಲ್ಲಿ ನೀರೆತ್ತುವ ಉಗಿಯಂತ್ರವನ್ನು ನಿರ್ಮಿಸಿದನು. ಆ ಯಂತ್ರಕ್ಕೂ ತನ್ನ ಸುರಕ್ಷಾ ಕವಾಟವನ್ನು ಜೋಡಿಸುವುದನ್ನು ಮರೆಯಲಿಲ್ಲ.

1707ರಲ್ಲಿ ಪ್ಯಾಪಿನನು ತಾನೇ ನಿರ್ಮಿಸಿದ, ಗಾಲಿಗಳಿಂದ ಚಲಿಸುವ ದೋಣಿಯಲ್ಲಿ ಕುಟುಂಬದೊಡನೆ ಕಾಸೆಲಿನಿಂದ ಹೊರಟನು. ಅದು ಆವಿದೋಣಿಯೆಂದು ಕೆಲವರು ಬರೆದಿರುವುದುಂಟು. ವಾಸ್ತವವಾಗಿ ಅದನ್ನು ನಡೆಸುತ್ತಿದ್ದುದು ಮನುಷ್ಯರ ಬಲವೇ. ಲಂಡನ್ನನ್ನು ಸೇರಿ ಅಲ್ಲಿ ತನ್ನ ಉಗಿಯಂತ್ರದ ಪ್ರಯೋಗವನ್ನು ಮುಂದುವರಿಸಬೇಕೆಂಬುದು ಆತನ ಹಂಬಲ. ಆದರೆ ಆ ನದಿಯಲ್ಲಿ ದೋಣಿ ನಡೆಸುವ ಹಕ್ಕು ತಮ್ಮದೇ ಎನ್ನುತ್ತಿದ್ದ ಮ್ಯುಂಡೆನ್ ಪಟ್ಟಣದ ದೋಣಿಗಾರರ ಸಂಘದವರು ಅದನ್ನು ತಡೆದು ಒಡೆದುಹಾಕಿದರು. ಬರಿಗೈಯಲ್ಲಿ ಲಂಡನ್ನನ್ನು ಸೇರಿದ ಪ್ಯಾಪಿನನು ರಾಯಲ್ ಸೊಸೈಟಿಯ ನೆರವನ್ನು ಬೇಡಿದನು. ಸಾಕಷ್ಟು ನೆರವು ದೊರೆಯಲಿಲ್ಲ. ಬಡತನದಲ್ಲಿಯೇ ಬಳಲಿ, ಸುಮಾರು 1713ರಲ್ಲಿ ತೀರಿಕೊಂಡನು.

ಆತನು ಕೊಟ್ಟ ಕವಾಟವು ಮಾತ್ರ ಉಳಿಯಿತು. ಆದರೆ ಅದನ್ನು ಜೋಡಿಸಿದರಷ್ಟೇ ಸಾಲದೆಂಬುದನ್ನು ಲೋಕವು ಕಷ್ಟಪಟ್ಟು ಕಲಿಯಬೇಕಾಯಿತು. 1831ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಬೆಸ್ಟ್ ಫ್ರೆಂಡ್ ಆಫ್ ಚಾರ್ಲ್ಸ್‌ಟನ್ ಎಂಬ ರೈಲು ಎಂಜಿನ್ನಿನ ಉರಿಗಾರನು, ಕವಾಟದಿಂದ ಹೊರಬರುವ ಉಗಿಯ ಸದ್ದನ್ನು ಸಹಿಸಲಾರದೆ ಅದನ್ನು ಅದುಮಿ ಬಿಗಿದನೆಂದು ತಿಳಿದುಬರುತ್ತದೆ. ಸದ್ದು ನಿಂತಿತು, ಬಾಯ್ಲರು ಸಿಡಿಯಿತು, ಆತನ ಪ್ರಾಣವೂ ಹೋಯಿತು. ಕವಾಟದ ಸದ್ದು ಕಿರಿಕಿರಿಯಲ್ಲ, ಅದು ಎಚ್ಚರಿಕೆ ಎಂಬುದನ್ನು ಆ ದುರಂತವು ಸಾರಿತು.

ಈ ಮಾತು ಇಂದಿನ ಅನಿಲ ಟ್ಯಾಂಕುಗಳಿಗೂ ಅನ್ವಯಿಸುತ್ತದೆ. ಅಡುಗೆ ಅನಿಲವು ಟ್ಯಾಂಕಿನಲ್ಲಿ ದ್ರವರೂಪದಲ್ಲಿರುತ್ತದೆ. ಬಿಸಿಲಿಗೆ ಅಥವಾ ಬೆಂಕಿಗೆ ಅದು ಕಾದರೆ ಒತ್ತಡ ಏರುತ್ತದೆ, ದ್ರವವೂ ಹಿಗ್ಗುತ್ತದೆ. ಆದ್ದರಿಂದ ಟ್ಯಾಂಕನ್ನು ಕಂಠಪೂರ್ತಿ ತುಂಬಿಸದೆ ಮೇಲ್ಭಾಗದಲ್ಲಿ ಖಾಲಿ ಜಾಗವನ್ನು ಬಿಡುತ್ತಾರೆ. ಅನಿಲವು ನಿಲ್ಲುವ ಆ ಜಾಗಕ್ಕೆ ಸಂಪರ್ಕವಿರುವಂತೆ, ಟ್ಯಾಂಕಿನ ನೆತ್ತಿಯಲ್ಲಿ, ಸುರಕ್ಷಾ ಕವಾಟವನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಇಲ್ಲಿ ತೂಕದ ಬದಲು ಉಕ್ಕಿನ ಸ್ಪ್ರಿಂಗು ಬಿರಡೆಯನ್ನು ಅದುಮಿರುತ್ತದೆ. ಹೊರಬರುವ ಅನಿಲವು ಜನರಿಂದಲೂ ಬೆಂಕಿಯಿಂದಲೂ ದೂರವಾಗಿ ಮೇಲಕ್ಕೆ ಹೋಗುವಂತೆ ಕೊಳವೆಯನ್ನು ಎತ್ತರಿಸುತ್ತಾರೆ. ಅದರ ಬಾಯಿಗೆ ಮಳೆನೀರು ಇಳಿಯದಂತೆ ಹಗುರವಾದ ಮುಚ್ಚಳವಿರಬೇಕು. ಧೂಳು, ತುಕ್ಕು, ಬಣ್ಣದ ಪದರ, ಕಣಜದ ಗೂಡು ಇವುಗಳಲ್ಲಿ ಯಾವುದೊಂದು ಅಡ್ಡವಾದರೂ ಕವಾಟವು ಬೇಕಾದ ಗಳಿಗೆಯಲ್ಲಿ ತೆರೆಯದೆ ಹೋಗಬಹುದು. ತರಬೇತಿ ಪಡೆದವರು ವರ್ಷಕ್ಕೊಮ್ಮೆಯಾದರೂ ಅದನ್ನು ಪರೀಕ್ಷಿಸಿ, ಫಲಿತಾಂಶವನ್ನು ದಾಖಲಿಸಿ, ಮುದ್ರೆಯೊತ್ತಬೇಕು. ಆ ಮುದ್ರೆಯನ್ನು ಒಡೆದು ಸ್ಪ್ರಿಂಗನ್ನು ಬಿಗಿಮಾಡುವುದು, ಸೋರುವ ಕವಾಟವನ್ನು ಬಡಿದು ಕೂರಿಸುವುದು, ಕವಾಟಕ್ಕೂ ಟ್ಯಾಂಕಿಗೂ ನಡುವಿನ ದಾರಿಯನ್ನು ಮುಚ್ಚಿಬಿಡುವುದು ಇವೆಲ್ಲವೂ ಅಂದಿನ ಉರಿಗಾರನು ಮಾಡಿದ ತಪ್ಪನ್ನೇ ಮತ್ತೆ ಮಾಡಿದಂತೆ.

ಮನೆಯಲ್ಲಿ ಕುಕ್ಕರಿನ ರಂಧ್ರವನ್ನು ತೊಳೆದು, ಅನ್ನದ ಅಗುಳು ಸಿಕ್ಕಿಲ್ಲವೆಂದು ನೋಡಿ, ಬಳಿಕ ಒಲೆಗೇರಿಸುವ ಗೃಹಿಣಿಯೂ, ಕಾರ್ಖಾನೆಯಲ್ಲಿ ಕವಾಟದ ಪರೀಕ್ಷೆಯ ದಿನಾಂಕವನ್ನು ಓದಿ ಅವಧಿ ಮೀರಿದ್ದರೆ ಕೆಲಸವನ್ನು ನಿಲ್ಲಿಸುವ ಕಾರ್ಮಿಕನೂ ಪ್ಯಾಪಿನನ ಕಾಯಕವನ್ನೇ ಮುಂದುವರಿಸುತ್ತಿದ್ದಾರೆ. ಸುರಕ್ಷಾ ಕವಾಟವು ತನ್ನ ಆಯುಷ್ಯದ ಬಹುಭಾಗವನ್ನು ಸುಮ್ಮನೆ ಕುಳಿತೇ ಕಳೆಯುತ್ತದೆ. ಅದು ತೆರೆಯಬೇಕಾದ ಒಂದು ಗಳಿಗೆಗಾಗಿ ವರ್ಷವಿಡೀ ಅದನ್ನು ಕಾಪಾಡುವ ತಾಳ್ಮೆ ನಮಗಿರಬೇಕು. ದೋಣಿಯನ್ನೂ ದೇಶವನ್ನೂ ಕಳೆದುಕೊಂಡು ಬಡವನಾಗಿ ಸತ್ತ ಆ ವಿಜ್ಞಾನಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.